ಹಲ್ಲಿನ ವೈದ್ಯರ ಮಾತು, ನಮ್ಮ ತಲೆಯಾಟ

ಫೆಬ್ರವರಿ 9 ಸಂತ ಅಪೊಲೋನಿಯರ ಸ್ಮರಣೆಯ ದಿನ. ಕ್ರಿ.ಶ. 249ರಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿ ದೊಂಬಿಯವರಿಂದ ಹಲ್ಲು ಮುರಿಸಿಕೊಂಡು ಪ್ರಾಣತೆತ್ತ ಈ ರಕ್ತಸಾಕ್ಷಿಯನ್ನು ಹಲ್ಲುನೋವಿನವರು ತಮ್ಮ ಪಾಲಕ ಸಂತರೆಂದು ನೆನೆಯುತ್ತಾರೆ. ನೆನೆಯೋಣ. ಜೊತೆಗೆ ವೈದ್ಯರು ಹೇಳುವ ಮಾತನ್ನೂ ಅರ್ಥಮಾಡಿಕೊಳ್ಳೋಣ. ಇದನ್ನು ನಾವು ಒಂದು ಹಲ್ಲು ಕಳೆದುಕೊಂಡು ಕಲಿತೆವು.

ಕೆಲವು ವರ್ಷಗಳ ಹಿಂದೆ ಕೆಳಗಿನ ದವಡೆ ಹಲ್ಲೊಂದು ರಾತ್ರಿಯಿಡೀ ಕಾಡಿದಾಗ ವೈದ್ಯರ ಬಳಿಗೆ ಹೋದೆವು. "ರೂಟ್ ಕೆನಾಲ್ ಮಾಡಿದರೆ ಉಳಿಯುತ್ತದೆ ಫಾದರ್, ಏನು ಮಾಡೋಣ?" ಎಂದರು. ರೂಟ್ ಎಂದರೆ ಬೇರು. ಬೇರನ್ನೇ ಅಗೆಯುವ ದೊಡ್ಡ ಆಪರೇಷನ್ ಇರಬೇಕೆಂದು ಹೆದರಿ, "ಕಿತ್ತುಬಿಡಿ" ಎಂದೆವು. ಗುರುಮಠದಲ್ಲಿ ಅಷ್ಟೆಲ್ಲ ಓದಿ ಬಂದವರಿಗೆ ಅರ್ಥವಾಗಲಿಲ್ಲ ಎನ್ನಲು ನಾಚಿಕೆ ನೋಡಿ!

ಹಲ್ಲಿನ ಹೊರಗಿನ ಬಿಳಿ ಕವಚವೇ ಎನಾಮಲ್. ನಮ್ಮ ದೇಹದಲ್ಲಿ ಅದರಷ್ಟು ಗಟ್ಟಿಯಾದದ್ದು ಬೇರೆ ಇಲ್ಲ, ಅದಕ್ಕೆ ನೋವೂ ತಿಳಿಯದು. ಅದರ ಒಳಗಿನದು ಡೆಂಟಿನ್. ತಣ್ಣೀರು, ಸಿಹಿ ತಗುಲಿ ಜುಮ್ಮೆನ್ನುವುದು ಹುಳುಕು ಇಲ್ಲಿಗೆ ಮುಟ್ಟಿದಾಗ. ನಟ್ಟನಡುವೆ ಪಲ್ಪ್, ಅಂದರೆ ನರ ಮತ್ತು ರಕ್ತನಾಳಗಳಿರುವ ಮೆದು ಭಾಗ. ಕ್ಯಾರಿಸ್, ಕ್ಯಾವಿಟಿ ಎಂದು ವೈದ್ಯರು ಹೇಳುವುದು ಹುಳುಕಿಗೇ. ಹೆಸರು ಹುಳುಕಾದರೂ ಒಳಗೆ ಹುಳುವಿಲ್ಲ. ನಾವು ತಿಂದ ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಬೀಜದ ಹೊಗೆ ಕೊಟ್ಟು ಹುಳು ಬೀಳಿಸಿ ತೋರಿಸುವವರದು ಬರೀ ಕೈಚಳಕ.

ಹುಳುಕು ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಚಿಕಿತ್ಸೆ. ಡೆಂಟಿನ್‌ವರೆಗೆ ಇದ್ದರೆ ಕೆಟ್ಟದ್ದನ್ನು ಕೆರೆದು ತುಂಬುತ್ತಾರೆ, ಅದು ಫಿಲ್ಲಿಂಗ್. ಪಲ್ಪ್ ಕೆಟ್ಟಿದ್ದರೆ ರೂಟ್ ಕೆನಾಲ್. ಇದರಲ್ಲಿ ಬೇರನ್ನು ಅಗೆಯುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ಮೇಲಿನಿಂದಲೇ ದಾರಿ ಮಾಡಿ, ಬೇರಿನೊಳಗಿನ ಸಣ್ಣ ಕಾಲುವೆಗಳನ್ನು ಸೂಜಿಯಂಥ ಅರಗಳಿಂದ ಶುಚಿಮಾಡಿ, ರಬ್ಬರಿನಂಥ ವಸ್ತುವಿನಿಂದ ಮುಚ್ಚುತ್ತಾರೆ. ಟೊಳ್ಳಾದ ದವಡೆ ಹಲ್ಲು ಅಗಿಯುವಾಗ ಸೀಳದಿರಲೆಂದು ಮೇಲೆ ಕ್ಯಾಪ್ ಹಾಕುತ್ತಾರೆ. ಕ್ರೌನ್ ಎಂದರೂ ಅದೇ.

ಒಂದು ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ವಾರಗಟ್ಟಲೆ ಕಾಡಿದ ನೋವು ಒಂದು ದಿನ ತಾನಾಗಿ ನಿಲ್ಲುತ್ತದೆ. ಎಷ್ಟೋ ಸಲ ಅಲ್ಲಿ ವಾಸಿಯಾಗಿರುವುದಿಲ್ಲ, ನರ ಸತ್ತಿರುತ್ತದೆ. ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿದು ಕೀವಾಗುತ್ತದೆ. ಆ ಕೀವಿನ ಗಂಟೇ ಆಬ್‌ಸೆಸ್. ಮುಖ ಊದಿ ಜ್ವರ ಬಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ಹೆದರಿಕೆ ನಮ್ಮ ಹಿರಿಯರಲ್ಲಿದೆ. ಹಲ್ಲಿಗೆ ಅಂಟುವ ಲೋಳೆಯಂಥ ಪದರ ಪ್ಲಾಕ್. ಅದು ಗಾರೆಯಂತೆ ಗಟ್ಟಿಯಾದರೆ ಟಾರ್ಟರ್, ಬ್ರಷ್ಷಿಗೆ ಬಗ್ಗದು. ಅದನ್ನು ತೆಗೆಯುವುದೇ ಸ್ಕೇಲಿಂಗ್. ಹಲ್ಲು ಸಡಿಲವಾಗಿದ್ದರೆ ಅದು ವಸಡಿನ ರೋಗದಿಂದ ಮೊದಲೇ ಆದದ್ದು, ಟಾರ್ಟರ್ ಅದನ್ನು ಮುಚ್ಚಿಟ್ಟಿರುತ್ತದೆ ಅಷ್ಟೇ.

ಕಿತ್ತ ಜಾಗಕ್ಕೆ ಬ್ರಿಜ್ ಇದೆ, ಮೂಳೆಗೆ ಲೋಹದ ತಿರುಪು ಕೂರಿಸುವ ಇಂಪ್ಲಾಂಟ್ ಇದೆ. ನಮ್ಮದು ಬ್ರಿಜ್. ಇಲ್ಲದ ಒಂದು ಹಲ್ಲಿಗಾಗಿ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಅರೆಸಬೇಕಾಯಿತು.

ಇನ್ನು ತಾಯಂದಿರಿಗೆ ಒಂದು ಮಾತು. ಏಳು ವರ್ಷದ ಮಗುವಿನ ಹುಳುಕು ಹಲ್ಲು ನೋಡಿ ಕೇಳಿದಾಗ, "ಹಾಲುಹಲ್ಲು ತಾನೆ ಫಾದರ್, ಬಿದ್ದುಹೋಗುತ್ತೆ ಬಿಡಿ" ಎಂದರು ಅದರ ತಾಯಿ. ಅದು ಹಾಲುಹಲ್ಲಾಗಿರಲಿಲ್ಲ. ಸುಮಾರು ಆರನೆಯ ವಯಸ್ಸಿಗೆ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಹಿಂದೆ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಅದು ಹೋದರೆ ಮತ್ತೆ ಬಾರದು. ಇಂದು ರಾತ್ರಿ ಮಗುವಿನ ಬಾಯಿ ತೆರೆಸಿ, ನಡುವಿನಿಂದ ಹಿಂದಕ್ಕೆ ಎಣಿಸಿ, ಬಿದ್ದ ಹಲ್ಲಿನ ಜಾಗವನ್ನೂ ಸೇರಿಸಿ. ಆರನೆಯದೇ ಆ ಹಲ್ಲು.