ಮಗ್ಗದ ಶೆಡ್ಡಿಗೆ ತೇವ: ಯಂತ್ರದ ಆಯ್ಕೆ ಮತ್ತು ಜೋಡಣೆ

ಸೋಲಾಪುರದ ಚಾದರು ಮತ್ತು ಟವೆಲುಗಳ ಕೀರ್ತಿ ದೊಡ್ಡದು. ಇಲ್ಲಿಯ ಹವೆಯ ಒಣತನವೂ ಸಣ್ಣದಲ್ಲ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿಯನ್ನು ದಾಟಿದಾಗ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 20ರ ಆಸುಪಾಸಿಗೆ ಇಳಿಯುವುದುಂಟು. ಹತ್ತಿಯ ನೂಲಿಗಾದರೋ ನೇಯುವ ಹೊತ್ತಿನಲ್ಲಿ ಶೇಕಡಾ 70ರಿಂದ 80ರಷ್ಟು ಆರ್ದ್ರತೆ ಬೇಕು. ಈ ಅಂತರವನ್ನು ತುಂಬುವ ಯಂತ್ರಕ್ಕೆ ಹ್ಯುಮಿಡಿಫೈಯರ್ ಎಂದು ಹೆಸರು. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಮಗ್ಗ ನಡೆಸುವವರೂ ಅಲ್ಲಿ ದುಡಿಯುವವರೂ ನಮ್ಮ ವಾಚಕರಲ್ಲಿ ಇದ್ದಾರೆಂಬ ಭರವಸೆಯಿಂದ ಅದರ ಆಯ್ಕೆ ಹಾಗೂ ಜೋಡಣೆಯ ಬಗೆಗೆ ಕೆಲವು ಮಾತುಗಳನ್ನು ಇಲ್ಲಿ ಬರೆದಿದೆ.

ಹತ್ತಿ ಒಂದು ವಿಚಿತ್ರವಾದ ವಸ್ತು. ಅದು ಸುತ್ತಲಿನ ಗಾಳಿಯಿಂದ ನೀರನ್ನು ಹೀರುತ್ತದೆ. ಗಾಳಿ ಒಣಗಿದರೆ ಆ ನೀರನ್ನು ಬಿಟ್ಟುಕೊಡುತ್ತದೆ. ನೂರು ಗ್ರಾಂ ಒಣ ಹತ್ತಿಗೆ ಎಂಟೂವರೆ ಗ್ರಾಂ ನೀರು ಎಂದು ವ್ಯಾಪಾರದಲ್ಲಿ ಲೆಕ್ಕ ಹಿಡಿಯುವ ವಾಡಿಕೆ ಇದೇ ಕಾರಣದಿಂದ ಬಂದಿದೆ. ಒಣ ಎಳೆಗಿಂತ ತೇವದ ಎಳೆ ಗಟ್ಟಿ. ಇದಲ್ಲದೆ ಹಾಸಿನ ನೂಲಿಗೆ ಹಚ್ಚಿದ ಗಂಜಿಯು ತೇವವಿರುವಾಗ ಮೆತ್ತಗಿದ್ದು ಬಾಗುತ್ತದೆ. ಒಣಗಿದಾಗ ಬಿರಿದು ಉದುರುತ್ತದೆ. ಆಗ ಹಣಿಗೆಯಲ್ಲಿ ತಿಕ್ಕಿ ಎಳೆಗಳು ತುಂಡಾಗುತ್ತವೆ, ಧೂಳು ಹೆಚ್ಚುತ್ತದೆ, ಮಗ್ಗ ಮತ್ತೆ ಮತ್ತೆ ನಿಲ್ಲುತ್ತದೆ. ತುಂಡಾದ ಪ್ರತಿ ಎಳೆಯೂ ನೇಕಾರನ ಕೂಲಿಯಲ್ಲಿ ಕಡಿತವೇ ಸರಿ.

ನಮ್ಮ ಹಿರಿಯರು ಇದನ್ನು ಯಂತ್ರವಿಲ್ಲದೆಯೇ ಅರಿತಿದ್ದರು. ಗುಂಡಿಮಗ್ಗದಲ್ಲಿ ನೇಕಾರನು ನೆಲದ ಕುಳಿಯಲ್ಲಿ ಕಾಲಿಳಿಸಿ ಕೂಡುತ್ತಿದ್ದನು. ಹಾಸು ನೆಲಕ್ಕೆ ಸಮೀಪವಾಗಿದ್ದು ಮಣ್ಣಿನ ತಂಪನ್ನು ಪಡೆಯುತ್ತಿತ್ತು. ಬೀಡಿ ಕಟ್ಟುವ ಹೆಣ್ಣುಮಕ್ಕಳು ತೆಂಡು ಎಲೆಯನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದೂ ಇದೇ ಶಾಸ್ತ್ರ. ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದ ಗಿರಣಿಗಳಲ್ಲಿ ಮಾತ್ರ ಮಾಲಕರು ಶೆಡ್ಡಿನೊಳಗೆ ಉಗಿಯನ್ನೇ ಬಿಟ್ಟರು. ನೂಲು ಉಳಿಯಿತು, ನೇಕಾರರು ಬಳಲಿದರು. ಅವರ ದೂರು ಬೆಳೆದು 1889ರಲ್ಲಿ ಅಲ್ಲಿಯ ಸಂಸತ್ತು ನೇಯ್ಗೆಯ ಕಾರಖಾನೆಗಳ ತೇವಕ್ಕೆ ಮಿತಿ ಹಾಕುವ ಕಾಯಿದೆಯನ್ನೇ ಮಾಡಬೇಕಾಯಿತು. ಇನ್ನೊಂದು ಸ್ವಾರಸ್ಯ: ಇಂದು ಶ್ರೀಮಂತರ ಕೋಣೆಯನ್ನು ತಂಪಾಗಿಸುವ ‘ಏರ್ ಕಂಡಿಷನಿಂಗ್’ ಎಂಬ ಶಬ್ದವನ್ನು 1906ರಲ್ಲಿ ಬಳಕೆಗೆ ತಂದವನು ಅಮೇರಿಕೆಯ ಜವಳಿ ಗಿರಣಿಗಳ ಇಂಜಿನಿಯರ್ ಸ್ಟುವರ್ಟ್ ಕ್ರೇಮರ್. ಅವನ ಗುರಿ ನೂಲಿಗೆ ತಕ್ಕ ತೇವವೇ ಆಗಿತ್ತು.

ಯಂತ್ರವನ್ನು ಕೊಳ್ಳುವ ಮೊದಲು ಕೊಳ್ಳಬೇಕಾದುದು ಒಂದು ಜೋಡಿ ಉಷ್ಣತಾಮಾಪಕ. ಒಂದರ ಬುಡ ಒಣಗಿರುತ್ತದೆ, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ಒಣಗಿದ್ದು 30, ಒದ್ದೆಯದು 25 ತೋರಿಸಿದರೆ ಆರ್ದ್ರತೆ ಸುಮಾರು ಶೇಕಡಾ 67. ಅಂತರ ಕಡಿಮೆಯಾದಷ್ಟೂ ತೇವ ಹೆಚ್ಚು. ಇದನ್ನು ಬಾಗಿಲ ಬಳಿಯಲ್ಲಾಗಲಿ ತುಂತುರಿನ ಎದುರಿನಲ್ಲಾಗಲಿ ತೂಗುಹಾಕಬಾರದು. ಶೆಡ್ಡಿನ ನಡುವೆ, ಮಗ್ಗದ ಎತ್ತರದಲ್ಲಿ ಇರಬೇಕು.

ಈ ಎರಡು ಅಂಕಿಗಳಲ್ಲಿ ನೂಲಿಗೆ ಬೇಕಾದುದು ಅವುಗಳ ಅಂತರ. ಮನುಷ್ಯನಿಗೆ ಮುಖ್ಯವಾದುದು ಒದ್ದೆ ಬುಡದ ಅಂಕಿ. ಇದನ್ನು ವಿವರಿಸಿ ಹೇಳುವುದು ಅವಶ್ಯ. ಶೆಡ್ಡಿನ ಉಷ್ಣತೆ 28 ಇದ್ದು ಆರ್ದ್ರತೆ ಶೇಕಡಾ 80 ಇದ್ದರೆ ಒದ್ದೆ ಬುಡ ಸುಮಾರು 25 ತೋರಿಸುತ್ತದೆ. ದುಡಿಯುವವನಿಗೆ ಅದು ಸಹ್ಯ. ಉಷ್ಣತೆ 34 ಇದ್ದು ಆರ್ದ್ರತೆ ಅದೇ 80 ಇದ್ದರೆ ಒದ್ದೆ ಬುಡ 31ಕ್ಕೆ ಏರುತ್ತದೆ. ನೂಲಿಗೆ ಎರಡೂ ಒಂದೇ. ಮನುಷ್ಯನ ಮೈಗಾದರೋ ಎರಡನೆಯ ಸ್ಥಿತಿಯಲ್ಲಿ ಬೆವರು ಆರುವುದಿಲ್ಲ, ಉಸಿರು ಭಾರವಾಗುತ್ತದೆ, ಎಂಟು ತಾಸಿನ ಪಾಳಿ ಅಪಾಯಕಾರಿಯಾಗುತ್ತದೆ. ಆದುದರಿಂದ ಆರ್ದ್ರತೆಯ ಅಂಕಿಯನ್ನೊಂದೇ ನೋಡಿ ಯಂತ್ರವನ್ನು ಆರಿಸುವುದು ಅರ್ಧ ಲೆಕ್ಕ. ಮೊದಲು ತಗಡಿನ ಮಾಡಿಗೆ ಬಿಳಿಯ ಸುಣ್ಣ ಬಳಿದೋ ಕೆಳಗೆ ಚಾವಣಿ ಕಟ್ಟಿಯೋ ಬಿಸಿಯನ್ನು ತಗ್ಗಿಸಬೇಕು. ಒದ್ದೆ ಬುಡ 29ನ್ನು ದಾಟುತ್ತಿದ್ದರೆ ಯಂತ್ರವನ್ನು ನಿಲ್ಲಿಸಿ ಗಾಳಿಯಾಡಿಸುವುದೇ ಲೇಸು. ನಾಲ್ಕು ಎಳೆ ಹೆಚ್ಚು ತುಂಡಾದರೆ ಆಗಲಿ.

ಎಷ್ಟು ನೀರು ಬೇಕು? 80 ಅಡಿ ಉದ್ದ, 40 ಅಡಿ ಅಗಲ, 15 ಅಡಿ ಎತ್ತರದ ಶೆಡ್ಡಿನಲ್ಲಿ ಸುಮಾರು 1,360 ಘನ ಮೀಟರು ಗಾಳಿ ಇರುತ್ತದೆ. ಹೊರಗಿನ 40 ಡಿಗ್ರಿಯ ಒಣ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 10 ಗ್ರಾಂ ನೀರಿದ್ದರೆ, ಒಳಗೆ 28 ಡಿಗ್ರಿಯಲ್ಲಿ ಶೇಕಡಾ 70 ಆರ್ದ್ರತೆಗೆ 19 ಗ್ರಾಂ ಬೇಕು. ತಾಸಿಗೆ ಐದು ಸಲ ಗಾಳಿ ಬದಲಾಗುವುದೆಂದು ಹಿಡಿದರೆ ತಾಸಿಗೆ ಸುಮಾರು 60 ಲೀಟರು ನೀರು ಆವಿಯಾಗಬೇಕು. ವ್ಯಾಪಾರಿ ಹೇಳುವ ‘ಇಷ್ಟು ಚದರ ಅಡಿಗೆ ಒಂದು’ ಎಂಬ ಲೆಕ್ಕಕ್ಕಿಂತ ಈ ಗುಣಾಕಾರ ವಿಶ್ವಾಸಾರ್ಹ.

ಯಂತ್ರಗಳಲ್ಲಿ ಹಲವು ಬಗೆ. ಉಗಿಯ ಯಂತ್ರ ಬಿಸಿಯನ್ನೂ ಕೂಡಿಸುವುದರಿಂದ ನಮ್ಮ ಊರಿಗೆ ಸಲ್ಲದು. ಮನೆಯ ಕೋಣೆಗಾಗಿ ಮಾರುವ ಅಲ್ಟ್ರಾಸಾನಿಕ್ ಡಬ್ಬಿ ತಾಸಿಗೆ ಒಂದು ಲೀಟರನ್ನೂ ಕಷ್ಟದಿಂದ ಕೊಡುತ್ತದೆ. ಪರದೇಶದಲ್ಲಿ ಊಸರವಳ್ಳಿ ಸಾಕುವವರು ಅದನ್ನು ಪಂಜರಕ್ಕೆ ಹಚ್ಚುತ್ತಾರಂತೆ, ಅಷ್ಟಕ್ಕೆ ಅದು ಸಾಕು. ಮೇಲಿನಿಂದ ತೂಗುಬಿಡುವ ತಿರುಗುವ ತಟ್ಟೆಯ ಯಂತ್ರ ಅಗ್ಗ, ದುರಸ್ತಿ ಸುಲಭ. ಆದರೆ ಹನಿ ದಪ್ಪವಾದ್ದರಿಂದ ನೇರ ಕೆಳಗಿನ ಬಟ್ಟೆಗೆ ಕಲೆ ಬೀಳುತ್ತದೆ, ಹತ್ತಿಯ ಧೂಳು ಮೆತ್ತಿಕೊಳ್ಳುತ್ತದೆ. ಹೆಚ್ಚಿನ ಒತ್ತಡದಿಂದ ಸಣ್ಣ ನೋಝಲ್‌ಗಳ ಮೂಲಕ ಮಂಜು ಹರಡುವ ವ್ಯವಸ್ಥೆಯಲ್ಲಿ ಹನಿ ಬಲು ಸೂಕ್ಷ್ಮ, ಗಾಳಿಯಲ್ಲೇ ಆವಿಯಾಗುತ್ತದೆ. ಆದರೆ ಶುದ್ಧ ನೀರಿಲ್ಲದೆ ನಡೆಯದು. ಗಾಳಿಯನ್ನು ತೊಳೆದು ಕೊಳವೆಗಳಿಂದ ಕಳಿಸುವ ದೊಡ್ಡ ಸ್ಥಾವರವೇ ಎಲ್ಲಕ್ಕೂ ಉತ್ತಮ, ಅದು ದೊಡ್ಡ ಗಿರಣಿಗಳ ಮಾತು. ಇಪ್ಪತ್ತು ಮಗ್ಗಗಳ ಶೆಡ್ಡಿಗೆ ನನ್ನ ಅಭಿಪ್ರಾಯದಲ್ಲಿ ಒಂದು ಗೋಡೆಗೆ ಒದ್ದೆ ಪ್ಯಾಡು, ಎದುರು ಗೋಡೆಗೆ ಗಾಳಿಯನ್ನು ಹೊರಗೆಳೆಯುವ ಪಂಖ, ಕೊರತೆ ಬಿದ್ದಾಗಿಗೆ ಕೆಲವು ನೋಝಲ್‌ಗಳು, ಇಷ್ಟು ಸಾಕು. ಪ್ಯಾಡಿನಿಂದ ತೇವದೊಡನೆ ತಂಪೂ ಹೊಸ ಗಾಳಿಯೂ ಬರುತ್ತವೆ. ಮಳೆಗಾಲದಲ್ಲಿ ಇದರ ಉಪಯೋಗ ಅಲ್ಪ. ಆಗ ಬೇಕಾಗುವುದೂ ಅಲ್ಪವೇ.

ನೀರಿನ ವಿಚಾರ ಬೇರೆಯೇ. ಕೊಳವೆಬಾವಿಯ ಗಡಸು ನೀರನ್ನು ಮಂಜಾಗಿಸಿದರೆ ನೀರು ಆರಿಹೋಗಿ ಉಪ್ಪು ಉಳಿಯುತ್ತದೆ. ಆ ಬಿಳಿಯ ಪುಡಿ ಹಣಿಗೆಯ ಮೇಲೂ ಟವೆಲಿನ ಮೇಲೂ ಶ್ವಾಸಕೋಶದಲ್ಲಿಯೂ ಕೂಡುತ್ತದೆ. ತೊಟ್ಟಿಯಲ್ಲಿ ನಿಂತ ಬೆಚ್ಚಗಿನ ನೀರು ಅದಕ್ಕಿಂತ ಕೆಟ್ಟದು. 1976ರಲ್ಲಿ ಅಮೇರಿಕೆಯ ಫಿಲಡೆಲ್ಫಿಯಾದ ಸಮ್ಮೇಳನವೊಂದರಲ್ಲಿ ಕಾಣಿಸಿಕೊಂಡು ‘ಲೀಜನೇರ್ ರೋಗ’ವೆಂದು ಹೆಸರಾದ ನ್ಯುಮೋನಿಯಾದ ರೋಗಾಣು ಇಂಥ ನೀರಿನಲ್ಲಿ ಬೆಳೆದು ತುಂತುರಿನೊಡನೆ ಎದೆಯನ್ನು ಸೇರುತ್ತದೆ. ಭಾರತದ 1948ರ ಕಾರಖಾನೆ ಕಾಯಿದೆಯ 15ನೆಯ ಕಲಮು ಗಾಳಿಗೆ ತೇವ ಕೂಡಿಸುವ ನೀರು ಕುಡಿಯುವ ನೀರಿನ ಮೂಲದ್ದಾಗಿರಬೇಕು, ಇಲ್ಲವೇ ಶುದ್ಧಗೊಳಿಸಿದ್ದಾಗಿರಬೇಕು ಎಂದು ವಿಧಿಸಿದ್ದು ಸುಮ್ಮನೆ ಅಲ್ಲ. ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ಒಣಗಿಸಬೇಕು. ರಜೆಯ ನಂತರ ಹಳೆಯ ನೀರಿನಿಂದ ಯಂತ್ರವನ್ನು ಹಚ್ಚಲೇಬಾರದು.

ಜೋಡಿಸುವಾಗ ನೀರಿನ ಕೊಳವೆ ವಿದ್ಯುತ್ ಫಲಕದ ಮೇಲೆ ಹಾಯಬಾರದು. ಪಂಪಿಗೆ ಅರ್ಥಿಂಗ್ ಇರಲೇಬೇಕು. ತೇವ ಸೋರಿಹೋಗುವುದೆಂದು ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಬಡಿದು ಕೂಡುವ ಅಭ್ಯಾಸ ಕೆಲವೆಡೆ ಇದೆ. 2025ರ ಮೇ 18ರಂದು ಇದೇ ಅಕ್ಕಲಕೋಟ ರಸ್ತೆಯ ಎಂಐಡಿಸಿಯ ಜವಳಿ ಕಾರಖಾನೆಯೊಂದರಲ್ಲಿ ಬೆಂಕಿ ಬಿದ್ದು ಎಂಟು ಜನರು ತೀರಿಕೊಂಡರು. ಆ ದುರಂತಕ್ಕೂ ತೇವದ ಯಂತ್ರಕ್ಕೂ ಸಂಬಂಧವನ್ನು ಹಚ್ಚುತ್ತಿಲ್ಲ. ಹತ್ತಿಯೂ ನೂಲೂ ತುಂಬಿದ ಕಟ್ಟಡದಲ್ಲಿ ಹೊರಬರುವ ದಾರಿ ಎಂಥ ಮಹತ್ವದ್ದೆಂಬುದನ್ನು ಆ ದಿನ ಇಡೀ ಊರು ಕಂಡಿತು. ಗಾಳಿಯನ್ನು ತಡೆಯಲು ದಪ್ಪ ಪ್ಲಾಸ್ಟಿಕ್ಕಿನ ಪಟ್ಟಿಗಳ ಪರದೆ ತೂಗುಹಾಕಿದರೆ ತೇವವೂ ನಿಲ್ಲುತ್ತದೆ, ಮನುಷ್ಯನೂ ಕೈಯಿಂದ ಸರಿಸಿ ಓಡಬಹುದು. ಕೀಲಿಯಂತೂ ಪಾಳಿ ನಡೆದಿರುವಾಗ ಯಾವ ಬಾಗಿಲಿಗೂ ಬೇಡ.