ಹಸಿರಾದ ಆಲೂಗಡ್ಡೆ ಬೇಡ

ನಮ್ಮ ಅರೇಹಳ್ಳಿಯಲ್ಲಿ ಬೆಳೆಯುವುದು ಕಾಫಿಯಾದರೂ ಪಲ್ಯಕ್ಕೆ, ಸಾಗುವಿಗೆ, ಬೋಂಡಕ್ಕೆ ಹಾಸನದ ಆಲೂಗಡ್ಡೆ ಬೇಕೇ ಬೇಕು. ಈ ಗಡ್ಡೆಯ ತವರು ದಕ್ಷಿಣ ಅಮೆರಿಕದ ಪೆರು ದೇಶದ ಆಂಡಿಸ್ ಪರ್ವತಸೀಮೆ. ಅಲ್ಲಿನ ಎತ್ತರದ ಊರುಗಳಲ್ಲಿ ಬೆಳೆಯುವ ಕೆಲವು ತಳಿಗಳು ಬಲು ಕಹಿ. ಸೊಲನಿನ್ ಜಾತಿಯ ವಿಷಗಳೇ ಅದಕ್ಕೆ ಕಾರಣ. ರೈತರು ಅವನ್ನು ಹೆಪ್ಪುಗಟ್ಟುವ ಚಳಿಯಲ್ಲಿ ರಾತ್ರಿಯಿಡೀ ಬಯಲಲ್ಲಿ ಹರಡಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ. ಕೆಲವರು ಹೊಳೆಯಲ್ಲೂ ನೆನೆಹಾಕುತ್ತಾರೆ. ವಿಷ ಬಹುಮಟ್ಟಿಗೆ ನೀರಿನೊಡನೆ ಹೋಗುತ್ತದೆ. ಒಣಗಿಸಿದ ಈ ‘ಚುನ್ಯೊ’ ವರ್ಷಗಟ್ಟಲೆ ಕೆಡದು. ಸಾರಿಗೆ ಹಾಕಿ ಉಣ್ಣುತ್ತಾರೆ.

ನಮ್ಮ ಗಡ್ಡೆಯಲ್ಲೂ ಈ ವಿಷ ಅಲ್ಪಸ್ವಲ್ಪ ಇದೆ. ಬೆಳಕು ತಾಗಿ ಸಿಪ್ಪೆ ಹಸಿರಾದರೆ, ಮೊಳಕೆ ಬಂದರೆ ಹೆಚ್ಚುತ್ತದೆ. “ಬೇಯಿಸಿದರೆ ಹೋಗುತ್ತದಲ್ಲ ಡಾಕ್ಟ್ರೇ?” ಎನ್ನುವವರಿದ್ದಾರೆ. ಇಲ್ಲ, ಕುದಿಸಿದರೂ ಕರಿದರೂ ಬಹುಪಾಲು ಉಳಿಯುತ್ತದೆ. ಹೊಟ್ಟೆನೋವು, ವಾಂತಿ, ಭೇದಿ, ತಲೆನೋವು ಬರಬಹುದು. ಮೈತೂಕ ಕಡಿಮೆಯಿರುವ ಮಕ್ಕಳಿಗೆ ಸ್ವಲ್ಪವೇ ಸಾಕು.

ಮೊಳಕೆಯ ಕಣ್ಣನ್ನು ಆಳವಾಗಿ ಕೆತ್ತಿ, ಹಸಿರು ಭಾಗವನ್ನು ದಪ್ಪವಾಗಿ ಹೆರೆದು ತೆಗೆಯಿರಿ. ಒಳಗೂ ಹಸಿರಿದ್ದರೆ, ಬಾಯಿಗೆ ಕಹಿಯೆನಿಸಿದರೆ ಇಡೀ ಗಡ್ಡೆ ಎಸೆಯಿರಿ. ದನಕ್ಕೂ ಹಾಕಬೇಡಿ, ಅದಕ್ಕೂ ವಿಷವೇ. ಅಂಗಡಿ ಮುಂದೆ ಬಿಸಿಲಿಗೆ ಸುರಿದ ರಾಶಿಯಿಂದ ಆರಿಸುವಾಗ ತಿರುಗಿಸಿ ನೋಡಿ. ಮನೆಗೆ ತಂದದ್ದನ್ನು ಗೋಣಿಚೀಲದಲ್ಲಿ, ಗಾಳಿಯಾಡುವ ಕತ್ತಲೆ ಮೂಲೆಯಲ್ಲಿಡಿ.