ಇರುವೆ, ಪಾರಿವಾಳ ಮತ್ತು ಅರ್ಥದ ಓದು

ಕಾಗುಣಿತ, ಒತ್ತಕ್ಷರಗಳನ್ನು ಕಲಿತ ಮಗು ಪುಟವೊಂದನ್ನು ತಡವರಿಸದೆ ಓದಿದರೂ, ಓದಿದ್ದೇನೆಂದು ಕೇಳಿದಾಗ ಸುಮ್ಮನಾಗುವುದುಂಟು. ಅಕ್ಷರ ಗುರುತಿಸುವುದು ಬೇರೆ, ಅರ್ಥ ಹಿಡಿಯುವುದು ಬೇರೆ. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು ಓದಿನ ಗ್ರಹಿಕೆಯನ್ನು ಅಕ್ಷರಜ್ಞಾನ ಮತ್ತು ಭಾಷೆಯ ತಿಳಿವಳಿಕೆಗಳ ಗುಣಲಬ್ಧವೆಂದು ವಿವರಿಸಿದರು. ಎರಡರಲ್ಲೊಂದು ಸೊನ್ನೆಯಾದರೆ ಫಲವೂ ಸೊನ್ನೆ.

ಅರ್ಥ ಹಿಡಿಯುವುದನ್ನು ಕಲಿಸಲು ದಯೆಯ ನೀತಿಕತೆಗಳು ತಕ್ಕ ಸಾಧನ. ಅವು ಚಿಕ್ಕವು, ಪಾತ್ರಗಳು ಎರಡೋ ಮೂರೋ. ಯಾರು ಏನು ಮಾಡಿದರೆಂದು ಕತೆ ಹೇಳುತ್ತದೆ. ಏಕೆ ಮಾಡಿದರೆಂಬುದನ್ನು ಮಗುವೇ ಊಹಿಸಿಕೊಳ್ಳಬೇಕು.

ಈಸೋಪನ ಹೆಸರಿನಲ್ಲಿ ಪ್ರಸಿದ್ಧವಾದ ಇರುವೆ–ಪಾರಿವಾಳದ ಕತೆಯನ್ನೇ ನೋಡಬಹುದು. ನೀರಿಗೆ ಬಿದ್ದ ಇರುವೆಗೆ ಪಾರಿವಾಳ ಎಲೆಯೊಂದನ್ನು ಹಾಕುತ್ತದೆ. ಮುಂದೆ ಬೇಟೆಗಾರ ಪಾರಿವಾಳಕ್ಕೆ ಹೊಂಚು ಹಾಕಿದಾಗ ಇರುವೆ ಅವನ ಕಾಲು ಕಚ್ಚುತ್ತದೆ, ಹಕ್ಕಿ ಪಾರಾಗುತ್ತದೆ. ಬೇಟೆಗಾರ ಬಂದಲ್ಲಿಗೆ ಓದು ನಿಲ್ಲಿಸಿ, ಮುಂದೇನಾದೀತೆಂದು ಮಕ್ಕಳನ್ನು ಕೇಳಬೇಕು. ಊಹೆ ತಪ್ಪಿದರೂ ಮಗು ಮುಂದಿನ ಸಾಲನ್ನು ಗಮನವಿಟ್ಟು ಓದುತ್ತದೆ. ಆನ್ಮರಿ ಪ್ಯಾಲಿಂಕ್ಸರ್ ಮತ್ತು ಆನ್ ಬ್ರೌನ್ ಎಂಬ ಸಂಶೋಧಕರು 1984ರಲ್ಲಿ ವಿವರಿಸಿದ ಬೋಧನಾಕ್ರಮದಲ್ಲಿ ಊಹಿಸುವುದು, ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಸಾರ ಹೇಳುವುದು ಎಂಬ ನಾಲ್ಕು ಅಭ್ಯಾಸಗಳಿವೆ. ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ. ಬಳಿಕ ಮಕ್ಕಳೇ ಸರದಿಯಂತೆ ಚರ್ಚೆ ನಡೆಸುತ್ತಾರೆ.

ಪ್ರಶ್ನೆಗಳಿಗೂ ಒಂದು ಕ್ರಮವಿದೆ. ಪಾರಿವಾಳ ಏನು ಹಾಕಿತು ಎಂಬುದಕ್ಕೆ ಉತ್ತರ ಪಾಠದಲ್ಲೇ ಇದೆ. ಹಕ್ಕಿ ಹೇಗೆ ಪಾರಾಯಿತು ಎಂಬುದಕ್ಕೆ ಇರುವೆಯ ಕಡಿತವನ್ನೂ ಬೇಟೆಗಾರನ ನೋವನ್ನೂ ಜೋಡಿಸಬೇಕು. ಉಪಕಾರ ತಿರುಗಿ ಬರುತ್ತದೆಂದು ಪಾರಿವಾಳಕ್ಕೆ ಗೊತ್ತಿತ್ತೇ ಎಂಬ ಪ್ರಶ್ನೆ ಇನ್ನೂ ಆಳವಾದದ್ದು. ಅದಕ್ಕೆ ಉತ್ತರಿಸಲು ಹೊರಟ ಮಗು, ಪ್ರತಿಫಲ ಬಯಸದೆ ಮಾಡಿದ ಸಹಾಯವೇ ದಯೆಯೆಂಬುದನ್ನು ತಾನಾಗಿ ಕಾಣಬಲ್ಲದು.

ದೊಡ್ಡ ಮಕ್ಕಳಿಗೆ ಗೋವಿನ ಹಾಡು ಒಪ್ಪುತ್ತದೆ. ಕರುವಿಗೆ ಹಾಲೂಡಿಸಿ, ಹುಲಿಗೆ ಕೊಟ್ಟ ಮಾತಿನಂತೆ ಮರಳಿದ ಪುಣ್ಯಕೋಟಿ ಎಂಬ ಹಸುವನ್ನು ಆ ಹಸಿದ ಹುಲಿ ತಿನ್ನುವುದಿಲ್ಲ. ಹುಲಿಯ ಮನಸ್ಸು ಎಲ್ಲಿ ತಿರುಗಿತೆಂದು ಕೇಳಿ, ಆ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಬೇಕು. ಹೇಳಿದ ಮಾತಿಗೆ ಪಾಠದಲ್ಲಿ ಆಧಾರ ಹುಡುಕುವ ಅಭ್ಯಾಸ ಹೀಗೆ ಬೆಳೆಯುತ್ತದೆ.

ಕತೆಯ ಕೆಳಗೆ ಅಚ್ಚಾದ ನೀತಿವಾಕ್ಯವನ್ನು ಚರ್ಚೆ ಮುಗಿಯುವವರೆಗೆ ಮುಚ್ಚಿಡುವುದು ಒಳಿತು. ಮೊದಲೇ ಓದಿಸಿದರೆ ಮಕ್ಕಳು ಅದನ್ನೇ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಮಗು ಕತೆಯನ್ನು ತನ್ನ ಮಾತಿನಲ್ಲಿ ಹೇಳಿ, ನೀತಿಯನ್ನೂ ತಾನೇ ಒಂದು ವಾಕ್ಯದಲ್ಲಿ ಬರೆದ ಮೇಲೆ ಅದನ್ನು ಅಚ್ಚಾದ ನೀತಿವಾಕ್ಯದೊಂದಿಗೆ ಹೋಲಿಸಬಹುದು. ಮಾತು ಬೇರೆಯಾದರೂ ಕಾರಣ ಕತೆಯಲ್ಲಿ ಸಿಕ್ಕರೆ ಆ ಉತ್ತರ ಸರಿಯೇ.